ವಿಟಮಿನ್ ಬಾಟಲಿ

ಗಲ್ಲದ ಮೇಲಿನ ಗೀರು ಅಕ್ಕಿಕಾಳಿನಷ್ಟೂ ಉದ್ದವಿರಲಿಲ್ಲ. ಆದರೂ ಮುಕ್ಕಾಲು ಗಂಟೆಯಿಂದ ರಕ್ತ ನಿಂತಿರಲಿಲ್ಲ.

"ನಲವತ್ತು ವರ್ಷ ಊರವರ ಗಡ್ಡ ಕೆರೆದೆ, ಯಾರಿಗೂ ಹೀಗಾಗ್ಲಿಲ್ಲ. ಕತ್ತಿಗೂ ನನ್ನ ಕಂಡ್ರೆ ಸದರ ಆಗೋಗಿದೆ," ಎಂದು ಅಪ್ಪ ಡಾಕ್ಟರ ಮುಂದೆ ನಕ್ಕ.

ಮಗಳು ನಗಲಿಲ್ಲ. ಅಪ್ಪನ ತೋಳಿನ ಮೇಲಿನ ನೇರಳೆ ಕಲೆಗಳನ್ನು ನಿನ್ನೆಯೇ ನೋಡಿದ್ದಳು. ಎದೆಬಡಿತ ತಾಳ ತಪ್ಪಿದೆಯೆಂದು ಇದೇ ಡಾಕ್ಟರು ಮೂರು ವಾರದ ಹಿಂದೆ ರಕ್ತ ತೆಳುವಾಗಿಸುವ ಮಾತ್ರೆ ಶುರುಮಾಡಿದ್ದರು.

"ಬೇರೆ ಯಾವುದಾದ್ರೂ ಮಾತ್ರೆ ತಗೋತೀರಾ? ನೋವಿಗೆ ಗೀವಿಗೆ?"

"ಅವತ್ತೇ ಹೇಳಿದ್ನಲ್ಲ ಸಾರ್. ಬೆಳಿಗ್ಗೆ ಒಂದು ವಿಟಮಿನ್, ಅಷ್ಟೇ."

ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಗೊತ್ತಿದ್ದುದೇ ಅಷ್ಟು. ಅಮ್ಮ ಸತ್ತ ಮೇಲೆ ನಾಲ್ಕು ತಿಂಗಳು ಮಂಚ ಬಿಟ್ಟೆದ್ದಿರಲಿಲ್ಲ. ಮನೋವೈದ್ಯರು ಬರೆದ ಮಾತ್ರೆಯನ್ನು, "ನಂಗೇನು ತಲೆ ಕೆಟ್ಟಿದ್ಯಾ?" ಎಂದು ಕಸದ ಡಬ್ಬಿಗೆ ಎಸೆದಿದ್ದ. ಮಗಳು ಮತ್ತೆ ಕೊಂಡು ತಂದು ಖಾಲಿ ವಿಟಮಿನ್ ಬಾಟಲಿಗೆ ತುಂಬಿದಳು. ಎಂಟು ತಿಂಗಳಾಗಿತ್ತು. ಅಪ್ಪ ಎದ್ದ, ಕನ್ನಡಿಯ ಮುಂದೆ ನಿಂತ, ಮೊದಲಿನಂತೆ ಬಾಯಿ ಮಾಡತೊಡಗಿದ.

ಈಗ ನಿಜ ಹೇಳಿದರೆ ಅವನು ಮಾತ್ರೆ ಬಿಟ್ಟು ಮತ್ತೆ ಮಂಚ ಹಿಡಿಯುತ್ತಾನೆ. ಹೇಳದಿದ್ದರೆ? ಅಪ್ಪನ ಕಾಲರಿಗೆ ಇನ್ನೊಂದು ಹನಿ ಇಳಿಯಿತು.

"ಅದು ವಿಟಮಿನ್ ಅಲ್ಲ ಸಾರ್," ಎಂದು ಅವಳು ಮನೋವೈದ್ಯರ ಚೀಟಿಯನ್ನು ಮೇಜಿನ ಮೇಲಿಟ್ಟಳು. "ನಾನೇ ಬದಲಾಯಿಸಿದ್ದು."

ಡಾಕ್ಟರು ಓದಿ ಪೆನ್ನು ಕೆಳಗಿಟ್ಟರು. "ಇದೂ ನಾನು ಕೊಟ್ಟ ಮಾತ್ರೆಯೂ ಸೇರಿದ್ರೆ ರಕ್ತ ಬೇಗ ನಿಲ್ಲಲ್ಲ. ಈ ವಯಸ್ಸಲ್ಲಿ ಹೊಟ್ಟೆಯೊಳಗೂ ಸೋರಬಹುದು, ತಲೆಯೊಳಗೂ ಸೋರಬಹುದು. ಮಲ ಕಪ್ಪಗೆ ಹೋಗ್ತಿದ್ಯಾ?"

"ಇಲ್ಲ," ಎಂದ ಅಪ್ಪ. ದನಿಯಲ್ಲಿ ನಗು ಇರಲಿಲ್ಲ.

"ನೀವಾಗೇ ಯಾವುದನ್ನೂ ನಿಲ್ಲಿಸ್ಬೇಡಿ. ಈಗ್ಲೇ ರಕ್ತ ಪರೀಕ್ಷೆ ಆಗ್ಲಿ. ಆ ಡಾಕ್ಟರ್ ಹತ್ರ ನಾನು ಮಾತಾಡಿ, ಬೇರೆ ಮಾತ್ರೆ ಆಗುತ್ತಾ ನೋಡ್ತೀನಿ."

ಅಪ್ಪ ಮಗಳ ಕಡೆ ನೋಡಲಿಲ್ಲ. "ಏನೂ ತಗೊಳ್ದೇ ಹೋದ್ರೆ ಮತ್ತೆ ಹಾಗೇ ಬಿದ್ಕೋತೀನಾ?"

"ಆಗಬಹುದು."

"ಹಾಗಾದ್ರೆ ಹೆಸರು ದೊಡ್ಡದಾಗಿ ಬರ್ಕೊಡಿ. ನಾನೇ ಓದ್ಕೊಂಡು ನುಂಗ್ತೀನಿ."

ನರ್ಸ್ ರಕ್ತ ತೆಗೆದು ತೋಳಿಗೆ ಹತ್ತಿ ಇಟ್ಟಳು. ಒತ್ತಿ ಹಿಡಿಯಲು ಮಗಳು ಕೈ ಚಾಚಿದಳು. ಅಪ್ಪ ಆ ಕೈಯನ್ನು ಸರಿಸಿ ತಾನೇ ಒತ್ತಿಕೊಂಡ.

"ಎಷ್ಟು ಹೊತ್ತಾಯ್ತು?"

"ಆರು ನಿಮಿಷ ಅಪ್ಪ."

ಅಪ್ಪ ಕತ್ತು ಹೊರಳಿಸಿ ಗೋಡೆಯ ಗಡಿಯಾರವನ್ನು ತಾನೇ ನೋಡಿದ.