ನಟರಾಜುವಿನ ಕಟಿಂಗ್ ಪ್ಲೇಯರ್

ಸೋಪು ಸವೆಯಿತೇ ಹೊರತು ಕಾಲುಂಗುರ ಜಗ್ಗಲಿಲ್ಲ. ಅಂಬುಜಮ್ಮನ ಊದಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನಾದಿನಿ ಮಾರಕ್ಕ ಎಳೆಯುತ್ತಲೇ ಇದ್ದಳು. ಹೊರಗೆ ಚಪ್ಪರದಡಿ ಅಂಬುಜಮ್ಮನ ಗಂಡ, ಉಯ್ಯಂಬಳ್ಳಿಯ ವೈರಿಂಗ್ ನಟರಾಜು, ಹಾರ ಹಾಕಿಸಿಕೊಂಡು ಚಟ್ಟದ ಮೇಲೆ ಮಲಗಿದ್ದ. ಹಿಂದಿನ ಸಂಜೆ ಯಾರದೋ ಹೊಸ ಮನೆಗೆ ಸ್ವಿಚ್ ಬೋರ್ಡ್ ಕೂರಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ, ಮತ್ತೆ ಏಳಲಿಲ್ಲ.

"ನೋಯ್ತದೆ ಕಣಕ್ಕ, ಒಸಿ ಬುಡು," ಎಂದಳು ಅಂಬುಜಮ್ಮ.

"ಮಣ್ಣಿಗಿಡೋ ಮುಂಚೆ ಇಳೀಲೇಬೇಕು ಕಣಮ್ಮಿ."

ನಟರಾಜುವಿನ ಅಣ್ಣ ಬೋರಲಿಂಗಯ್ಯ ಬಾಗಿಲಲ್ಲಿ ನಿಂತು ಗದರಿದ. "ಹೊತ್ತಾಯ್ತಾ ಐತೆ. ಅವನ ಬ್ಯಾಗಲ್ಲಿ ಕಟಿಂಗ್ ಪ್ಲೇಯರ್ ಐತಲ್ಲ? ಕತ್ತರಿಸಿ ಬಿಸಾಕಿ."

ಗೋಡೆಗೆ ಒರಗಿದ್ದ ಮಗಳು ಭಾನುಪ್ರಿಯಳಿಗೆ ಮೈಯೆಲ್ಲ ಉರಿದುಹೋಯಿತು. ತಮ್ಮನಾದವನು ಹೊಲ ಬಿಟ್ಟು ತಂತಿ ಸುಲಿಯುತ್ತಾನೆಂದು ಊರ ತುಂಬ ಆಡಿಕೊಂಡು ನಕ್ಕಿದ್ದವನು ಈ ದೊಡ್ಡಪ್ಪನೇ. ಇವತ್ತು ಅದೇ ಪ್ಲೇಯರ್ ಬೇಕಾಯಿತು, ಅದೂ ಇಂಥ ಕೆಲಸಕ್ಕೆ!

*

ಅಪ್ಪ ವೈರಿನ ತುದಿಯನ್ನು ಹಲ್ಲಲ್ಲೇ ಸುಲಿಯುತ್ತಿದ್ದ. ಮದುವೆಯಾಗಿ ಬಿಡದಿ ಸೇರಿದ್ದ ಭಾನು ಅಲ್ಲಿಂದ ತಂತಿ ಸುಲಿಯುವ ಸ್ಟ್ರಿಪ್ಪರ್ ತಂದುಕೊಟ್ಟರೆ ಅದನ್ನು ಡಬ್ಬಿಯಲ್ಲೇ ಇಟ್ಟು ಬಂದವರಿಗೆಲ್ಲ ತೋರಿಸಿದ. ಸುಲಿಯುವುದು ಮಾತ್ರ ಹಲ್ಲಲ್ಲಿ, ಇಲ್ಲವೇ ಹಿಡಿಯ ರಬ್ಬರು ಸವೆದ ಹಳೆಯ ಪ್ಲೇಯರಿನಲ್ಲಿ. ಮುಂದಿನ ಹಲ್ಲಿನಲ್ಲಿ ಕಚ್ಚೇ ಬಿದ್ದಿತ್ತು. ಊರಿನ ಅರ್ಧ ಮನೆಗಳಿಗೆ ಬೆಳಕು ಬಂದದ್ದು ಆ ಹಲ್ಲು ಸವೆದೇ.

"ಬಾಯಿಗೊಂದ್ ಶಾಕ್ ಹೊಡೀಬೇಕು ಕಣಪ್ಪ, ಆಗ್ಲೇ ನಿಂಗೆ ಬುದ್ಧಿ ಬರೋದು," ಎಂದು ಭಾನು ಬೈದಿದ್ದಳು.

"ಮೇನ್ ಆಫ್ ಮಾಡಿವ್ನಿ ಕಣವ್ವ. ಇಲ್ ನೋಡು." ಪ್ಲೇಯರ್ ಹಿಡಿದ ಅವಳ ಕೈಮೇಲೆ ತನ್ನ ಕೈಯಿಟ್ಟು ಅದುಮಿಸಿದ. "ಮೆಲ್ಲಗೆ. ಮ್ಯಾಲಿನ ಸಿಪ್ಪೆ ಬುಡ್ಬೇಕು, ಒಳಗಿನ ತಾಮ್ರಕ್ಕೆ ಗಾಯ ಆಗ್ಬಾರ್ದು."

*

ಯಾರೂ ಏಳದ್ದು ನೋಡಿ ಬೋರಲಿಂಗಯ್ಯ ತಾನೇ ಬ್ಯಾಗು ತಡಕಿ ಪ್ಲೇಯರ್ ತಂದ. ಅಂಬುಜಮ್ಮನ ಕಾಲುಂಗುರಕ್ಕೆ ಹಾಕಿ ಜೋರಾಗಿ ಅದುಮಿದ. ಬೆಳ್ಳಿ ತುಂಡಾಗಲಿಲ್ಲ, ಚರ್ಮ ಸಿಕ್ಕಿಕೊಂಡಿತು. ಅಂಬುಜಮ್ಮ ಚೀರಿದಳು. ಸೋಪಿನ ನೊರೆಯಲ್ಲಿ ರಕ್ತ ಹರಿಯಿತು.

ಭಾನು ಅವನ ಕೈಯಿಂದ ಪ್ಲೇಯರ್ ಕಿತ್ತುಕೊಂಡಳು. "ಮುಟ್ಟಬ್ಯಾಡ ದೊಡ್ಡಪ್ಪ! ನಮ್ಮಪ್ಪ ಇದ್ರಲ್ಲಿ ಒಂದ್ ತಂತಿಗೂ ಗಾಯ ಮಾಡ್ನಿಲ್ಲ. ನೀನು ನಮ್ಮವ್ವನ ಬೆರಳನ್ನೇ ಕತ್ತರಿಸ್ತೀಯಾ?"

"ಶಾಸ್ತ್ರ ಬುಟ್ಟು ಹೆಣ ಎತ್ತೋಕಾಯ್ತದೇನಮ್ಮಿ? ನಾಕ್ ಜನ ಏನಂದಾರು?" ಅವನು ಅಂಗೈ ಚಾಚಿದ. "ಕಾಲುಂಗುರ ಇಲ್ಲಿಗೆ ಬರ್ಬೇಕು. ಅಲ್ಲೀಗಂಟ ಹೆಣ ಮೇಲೇಳಲ್ಲ."

ಭಾನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. ತನ್ನ ಎರಡೂ ಕಾಲುಂಗುರ ಎಳೆದಳು. ಸಲೀಸಾಗಿ ಬಂದವು. ಎದ್ದು ಅವನ್ನು ಅವನ ಅಂಗೈಗೆ ಕುಕ್ಕಿದಳು.

"ಕಾಲುಂಗುರ ತಾನೆ ಬೇಕು? ತಕ್ಕೋ."

ಮಾರಕ್ಕ ಎದೆ ಬಡಿದುಕೊಂಡಳು. "ಅಯ್ಯೋ ಪಾಪಿ, ನಿನ್ ಗಂಡ ಬದುಕವ್ನೆ ಕಣೇ!"

ಎಲ್ಲರ ಕಣ್ಣೂ ಅಂಗಳದಲ್ಲಿ ಚಟ್ಟದ ಪಕ್ಕ ನಿಂತಿದ್ದ ಅವಳ ಗಂಡ ಲೋಕೇಶನ ಕಡೆ ತಿರುಗಿದವು. ಅವನು ಬಾಗಿಲಿನಾಚೆ ಹೆಂಡತಿಯ ಬರಿಗಾಲನ್ನು ನೋಡಿದ, ಅತ್ತೆಯ ರಕ್ತ ನೋಡಿದ.

"ನಾನ್ ಚೆನ್ನಾಗೇ ಇವ್ನಿ," ಎಂದ. "ಎತ್ರಲಾ." ತಾನೇ ಮೊದಲು ಬಗ್ಗಿ ಹೆಗಲು ಕೊಟ್ಟ.

ತಮಟೆ ಶುರುವಾಯಿತು. ಅಂಬುಜಮ್ಮ ಮಗಳ ತೋಳು ಹಿಡಿದು, ಕುಂಟುತ್ತ, ಕೆಂಪಾದ ಕಾಲುಂಗುರದಲ್ಲೇ ಹೊಸ್ತಿಲು ದಾಟಿದಳು. ನಡುಮನೆಯಲ್ಲಿ ಬೋರಲಿಂಗಯ್ಯ ಒಬ್ಬನೇ ಉಳಿದ. ಮುತ್ತೈದೆಯ ಕಾಲುಂಗುರ ಅವನ ಅಂಗೈಯಲ್ಲಿತ್ತು. ಕೆಳಗಿಡಲೂ ಆಗದೆ, ಮುಷ್ಟಿ ಮುಚ್ಚಲೂ ಆಗದೆ, ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದ.