ಕುಳ್ಳಿನ ಗೋಡೆಗೊಂದು ಬಾಗಿಲು

ನಮ್ಮ ಓಣಿಗೆ ಪಂಚಾಯ್ತಿಯವರು ಹಗರಿ ಓಣಿ ಎಂದು ಬೋರ್ಡು ಹಾಕಿಸಿದ್ದರೂ ಊರಿನ ಬಾಯಲ್ಲಿ ಅದು ಕುಳ್ಳಿನ ಓಣಿ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿದರೆ ನಮ್ಮ ಪಡಸಾಲೆಗೆ ಕೇಳಿಸುತ್ತದೆ, ಅಷ್ಟು ನಟ್ಟನಡುವೆ ಇರುವ ಓಣಿ. ಆದರೂ ಯಾವ ಆಟೋದವನೂ ಒಳಗೆ ಬರುತ್ತಿರಲಿಲ್ಲ. "ಇಲ್ಲೇ ಇಳೀರಿ ಅಕ್ಕಾ, ಗಾಡಿ ಹೊಳ್ಳಸಾಕ ಜಾಗಿಲ್ಲ" ಎಂದು ಮೂಲೆಯಲ್ಲೇ ಇಳಿಸಿಬಿಡುತ್ತಿದ್ದರು. ಜಾಗ ಬೇಕಾದಷ್ಟಿತ್ತು. ಅವರಿಗೆ ವಾಸನೆ ಬೇಡ, ಅಷ್ಟೇ.

ಓಣಿಯ ಮನೆಗಳೆಲ್ಲ ಒಂದಕ್ಕೊಂದು ಗೋಡೆ ಹಚ್ಚಿ ನಿಂತಿವೆ. ಮುಖ ಉತ್ತರಕ್ಕೆ, ಬೆನ್ನು ಹೊಳೆಗೆ. ಹೊಳೆ ಎಂದರೆ ಮಳೆಗಾಲದಲ್ಲಿ ಹೊಳೆ. ಉಳಿದಂತೆ ಜೊಂಡು, ಪ್ಲಾಸ್ಟಿಕ್ಕು, ಹಂದಿ. ಹಿಂದಿನ ಗೋಡೆಗೆ ಯಾರೂ ಬಾಗಿಲು ಇಟ್ಟಿರಲಿಲ್ಲ. ಅದು ದಕ್ಷಿಣ, ಯಮನ ದಿಕ್ಕು. ಅಡಿಗೆಮನೆಯ ಹೊಗೆ ಹೋಗಲು ಎತ್ತರದಲ್ಲೊಂದು ಬೆಳಕಿಂಡಿ, ಅದರ ಕೆಳಗೆ ಗೋಡೆ ತುಂಬ ತಟ್ಟಿದ ಸೆಗಣಿಯ ಕುಳ್ಳು. ದಿನವೆಲ್ಲ ಬಿಸಿಲು ಬೀಳುವ ಗೋಡೆಯನ್ನು ಖಾಲಿ ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ಈ ಹೆಸರಿನಿಂದ ನನಗೆ ಬೇರೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಮಗಳು ದುರ್ಗಾ ಮದುವೆಯ ವಯಸ್ಸಿಗೆ ಬಂದಿದ್ದಳು. "ಕುಳ್ಳಿನ ಓಣಿ ಹುಡುಗಿ" ಎಂದ ಕೂಡಲೇ ಅರ್ಧ ಮಂದಿ ಹಿಂದೆ ಸರಿಯುತ್ತಿದ್ದರು. ಉಳಿದವರು ಅವಳ ಹೊಲಿಗೆ ಮಷೀನಿನ ಮಾತು ಬಂದಾಗ ಸರಿಯುತ್ತಿದ್ದರು. ಅರಸೀಕೆರೆಯವರು ಬಂದವರು, ಹುಡುಗಿ ಹಿಡಿಸಿತು ಎಂದವರು, "ನಮ್ಮನಿ ಸೊಸಿ ಊರ ಮಂದಿ ಜಂಪರ್ ಹೊಲಿಯಂಗಿಲ್ಲ" ಎಂದರು. ದುರ್ಗಾ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಹಾಗೇ ಒಳಗೆ ತಂದುಬಿಟ್ಟಳು.

"ಅವ್ವಾ, ನಾ ಎಲ್ಲಿಗೆ ಹೋಗ್ತೀನೋ ಮಷೀನ್ ಅಲ್ಲಿಗೆ ಬರ್ತತಿ. ಇಲ್ಲಾಂದ್ರ ನಾವಿಬ್ರೂ ಇಲ್ಲೇ ಇರ್ತೀವಿ."

"ಮೊದ್ಲು ಒಪ್ಪಲಿ ಬಿಡವ್ವ, ಆಮ್ಯಾಲೆ ಮೆಲ್ಲಕ ಕೇಳೋಣು."

"ಆಮ್ಯಾಲೆ ಕೇಳೋದು ಕೇಳಿದಂಗಲ್ಲವ್ವ, ಬೇಡಿದಂಗ."

ಒಲೆಯ ಮೇಲಿದ್ದ ಬೇಳೆ ನೋಡುವ ನೆಪ ಮಾಡಿದೆ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಹೊಳೆದಂಡೆ ಚಂದ ಮಾಡುವ ಸ್ಕೀಮು ಬಂತು. ಜೊಂಡು ಕಿತ್ತರು, ಹಂದಿ ಓಡಿಸಿದರು, ದಂಡೆಗುಂಟ ಕಲ್ಲು ಹಾಸಿದರು, ಕೂರಲು ಸಿಮೆಂಟಿನ ಬೆಂಚು ಇಟ್ಟರು. ಒಂದು ದಿನ ನಮ್ಮ ವಾರ್ಡಿನ ಮೆಂಬರ್ ಪಾಲಾಕ್ಷ ಓಣಿಯವರನ್ನೆಲ್ಲ ಕೂಡಿಸಿದ.

"ನೋಡ್ರಿ, ದೊಡ್ಡ ಸಾಹೇಬ್ರು ಬರ್ತಾರ. ಸೇತುವಿ ಮ್ಯಾಲಿಂದ ನೋಡಿದ್ರ ಮನಿಗಳ ಮಕ ಕಾಣಬೇಕಂತ. ಈಗೇನ್ ಕಾಣ್ತತಿ? ಬರೇ ಕುಳ್ಳು. ಎಲ್ಲಾರೂ ಹೊಳಿ ಕಡಿಗೆ ಒಂದೊಂದು ಬಾಗ್ಲ ಇಡ್ರಿ."

ಪಕ್ಕದ ಮನೆಯ ತಿಪ್ಪೇರುದ್ರಮ್ಮಜ್ಜಿ ಕೂತಲ್ಲಿಂದಲೇ ಕೂಗಿದಳು. "ಲೇ ಪಾಲಾಕ್ಷ, ನಿನಗ ಓಟು ಹಾಕಿದ್ದಕ್ಕ ನನ್ನ ಕರಕೊಂಡು ಹೋಗಾಕ ಯಮಗ ದಾರಿ ಮಾಡ್ತೀಯೇನಲೇ? ಅವ ಇನ್ನೂ ಬಾಗ್ಲ ಹುಡುಕ್ಯಾಡಾಕ ಹತ್ಯಾನ, ಅದಕ್ಕ ನಾ ಇದೀನಿ!"

ಅಜ್ಜಿಯ ಆಚೆ ಮನೆಯ ಜಾನಬಿಗೆ ಯಮನ ಚಿಂತೆ ಇರಲಿಲ್ಲ. "ನಮಗ ದಿಕ್ಕಿಂದೇನಿಲ್ರಿ. ಆದ್ರ ಹಿಂದ ಬಾಗ್ಲ ಇಟ್ರ ನನ್ನ ಆಡು ಒಂದೂ ಮನಿಯಾಗ ನಿಲ್ಲಂಗಿಲ್ಲ. ನೀವು ಬಂದು ಕಾಯ್ತೀರೇನು ಮೆಂಬರ್ ಸಾಹೇಬ್ರ?"

ಜಗಳ ಸಂಜೆಯವರೆಗೆ ನಡೆಯಿತು. ಕೊನೆಗೆ ಉಪಾಯ ಹೇಳಿದವನು ಜಾನಬಿಯ ತಮ್ಮ ಇಶ್ತಿಯಾಕ. ಲಾರಿಗಳ ಹಿಂದೆ ಹೂವು, ಹಕ್ಕಿ, ತಾಯಿಯ ಆಶೀರ್ವಾದ ಬರೆಯುವ ಪೇಂಟರ್ ಅವನು. "ಸಾಹೇಬ್ರು ಸೇತುವಿ ಮ್ಯಾಲಿಂದ ನೋಡ್ತಾರಂದ್ರ ಖರೇ ಬಾಗ್ಲ ಯಾಕ? ನಾ ಬರಕೊಡ್ತೀನಿ."

ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ಎಲೆ ಅಡಿಕೆ ಅಗಿಯುತ್ತ ವಿಚಾರ ಮಾಡಿದಳು. "ಬಣ್ಣದ ಬಾಗ್ಲಾದ್ರ ಅಡ್ಡಿಲ್ಲ. ಯಮ ಬಂದ್ರ ಹಣಿ ಬಡಕೊಂಡು ಹೊಳ್ಳಿ ಹೋಗ್ತಾನ."

ಆಮೇಲೆ ನಮ್ಮ ಹೆಂಗಸರ ಆಸೆಗೆ ಕೊನೆಯೇ ಇರಲಿಲ್ಲ. ಬಣ್ಣ ಹೇಗೂ ಸ್ಕೀಮಿನದು. ಅಜ್ಜಿ ಹಿತ್ತಾಳೆ ಗುಬ್ಬಿಗಳ ತೇಗದ ಬಾಗಿಲು ಕೇಳಿದಳು, ಆಮೇಲೆ ಅದರ ಮೇಲೊಂದು ಅಂತಸ್ತನ್ನೂ ಕೇಳಿದಳು. ಜಾನಬಿ ಹಸಿರು ಬಾಗಿಲಿಗೆ ಜರಿ ಪರದೆ ಹಾಕಿಸಿಕೊಂಡಳು. ನನಗೆ ಮಾತ್ರ ಮುಚ್ಚಿದ ಬಾಗಿಲು ಮನಸ್ಸಿಗೆ ಬರಲಿಲ್ಲ. "ಅರ್ಧ ತೆರದದ್ದು ಬರಿಯಪ್ಪ. ಮುಚ್ಚಿದ್ದು ನೋಡಿದ್ರ ಬಂದೋರಿಗೆ ಬ್ಯಾಸರಾಕ್ಕತಿ" ಎಂದೆ. ಇಶ್ತಿಯಾಕ ನಕ್ಕ. ಆದರೆ ಬರೆದ. ಅರ್ಧ ತೆರೆದ ಕದ, ಒಳಗೆ ತಂಪಾದ ಕತ್ತಲು, ಕತ್ತಲಲ್ಲಿ ಒಂದು ದೀಪದ ಬೆಳಕು, ಹೊಸ್ತಿಲಿಗೆ ರಂಗೋಲಿ, ಮೇಲೆ ಮಾವಿನ ತೋರಣ. ತೋರಣದ ಮೇಲೆ ನನ್ನ ಗಂಡನ ಹೆಸರು, ಬೊಮ್ಮಯ್ಯ, ಅದರ ಕೆಳಗೆ ಸುಸ್ವಾಗತ. ನಾನೇ ಒಂದು ಸಲ ಕೊಡ ಹಿಡಿದು ಅದರ ಮುಂದೆ ಹೋಗುವಾಗ ಒಳಗೆ ಹೋಗಲು ಕಾಲು ಎತ್ತಿದ್ದೆ.

ಸಾಹೇಬರು ಬಂದರು. ಸೇತುವೆಯ ಮೇಲೆ ಜೀಪು ನಿಲ್ಲಿಸಿ, ಇಳಿಯದೆ ನೋಡಿ, ಬಹಳ ಸಂತೋಷ ಎಂದು ಹೇಳಿ ಹೋದರು. ಕುಳ್ಳು ತಟ್ಟಲು ಹಿಂದೆ ಜಾಗವಿಲ್ಲದೆ ನಾವು ಮುಂದಿನ ಗೋಡೆಗೆ ತಟ್ಟಲು ಶುರು ಮಾಡಿದೆವು. ಅದು ಸಾಲದೆಂಬಂತೆ ಚರಂಡಿ ಪೈಪು ಹಾಕುತ್ತೇವೆಂದು ಓಣಿಯ ಉದ್ದಕ್ಕೂ ಮುಂದೆ ಅಗೆದು, ಅಗೆದವರು ಮತ್ತೆ ಬರಲೇ ಇಲ್ಲ. ಒಂದೊಂದು ಮನೆಗೂ ಒಂದೊಂದು ಹಲಗೆ, ಅದರ ಮೇಲೆ ನಡೆದು ಒಳಗೆ ಹೋಗಬೇಕು.

ಹೀಗಿರುವಾಗ ತಂಬ್ರಹಳ್ಳಿಯ ಸಂಬಂಧ ಬಂತು. ಹುಡುಗ ಮಾರೇಶ್, ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಒಳ್ಳೆಯ ನಡತೆ. ತಾಯಿ ಇಲ್ಲದ ಅವನನ್ನು ಸಾಕಿದವಳು ಸೋದರತ್ತೆ ಉಚ್ಚಂಗೆಮ್ಮ. ಆಕೆ ಹೂಂ ಎನ್ನದೆ ಆ ಮನೆಯಲ್ಲಿ ಒಲೆ ಕೂಡ ಹೊತ್ತುವುದಿಲ್ಲ ಎಂದು ಸಂಬಂಧ ತಂದ ಕೊಟ್ಟೂರಿನ ಬೆನಕಪ್ಪ ಮೊದಲೇ ಹೇಳಿದ್ದ. ಭಾನುವಾರ ಸಂಜೆ ರಾಹುಕಾಲ ಹತ್ತುವುದರೊಳಗೆ ಹುಡುಗಿ ನೋಡುವುದೆಂದು ಮಾತಾಯಿತು.

ನಾನು ಮಧ್ಯಾಹ್ನದಿಂದಲೇ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಗೆ ಅಣಿ ಮಾಡಿಕೊಂಡೆ. ನನ್ನವರು ಮುಂದಿನ ಬಾಗಿಲಲ್ಲಿ ಕಾಲಿಗೆ ನೀರಿನ ಚೊಂಬು ಇಟ್ಟುಕೊಂಡು ಹಲಗೆ ಕಾಯುತ್ತ ನಿಂತರು. ಹೊತ್ತು ಜಾರಿತು. ಯಾರೂ ಬರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಓಣಿ ಅಗೆದದ್ದು ನೋಡಿ ಬೆನಕಪ್ಪ ಆಟೋವನ್ನು ಹೊಳೆದಂಡೆಗೆ ತಿರುಗಿಸಿದ್ದ. ಬೊಮ್ಮಯ್ಯ ಎಂಬ ಹೆಸರು, ಸುಸ್ವಾಗತ, ತೆರೆದ ಬಾಗಿಲು, ಎಲ್ಲ ಕಂಡು ಅವನು, ಹುಡುಗ, ಉಚ್ಚಂಗೆಮ್ಮ ಮೂವರೂ ಇಳಿದು ನಿಂತಿದ್ದರು. ಹೆಣ್ಣು ನೋಡಲು ಬಂದವರು ತಾವಾಗಿ ಕೂಗುವುದಿಲ್ಲವಲ್ಲ. ಮನೆಯವರು ನೀರು ತರಬೇಕು, ಬರ್ರಿ ಎನ್ನಬೇಕು, ಆಮೇಲೆ ಹೊಸ್ತಿಲು ದಾಟಬೇಕು. ಬೆನಕಪ್ಪ ಎರಡು ಸಲ ಕೆಮ್ಮಿದನಂತೆ. ಉಚ್ಚಂಗೆಮ್ಮ, "ಕೆಮ್ಮಬ್ಯಾಡ. ದೀಪ ಹಚ್ಯಾರ, ಬಾಗ್ಲ ತೆರದಾರ, ಒಳಗ ಕುಂತು ನಮ್ಮನ್ನ ನೋಡಾಕ ಹತ್ಯಾರ. ಎಷ್ಟೊತ್ತು ನಿಂದ್ರಸ್ತಾರ ನಾನೂ ನೋಡ್ತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳಂತೆ.

ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅದರಲ್ಲಿ ಬೆಳಕಿಂಡಿ.

ನನ್ನವರು ಬೇಸತ್ತು ಅಡಿಗೆಮನೆಗೆ ಬಂದರು. "ಬರಂಗ ಕಾಣಂಗಿಲ್ಲ ಬಿಡು. ಆ ಉಚ್ಚಂಗೆಮ್ಮ ಅಂಬಾಕಿ ಹೋದ ಮನಿಯಾಗೆಲ್ಲಾ ಕೊರತಿ ಹುಡುಕ್ತಾಳಂತ. ಸಿಗಲಿಲ್ಲಂದ್ರ ತಾನ ತಂದು ಇಟ್ಟು ಹುಡುಕ್ತಾಳಂತ."

"ಮೆಲ್ಲಕ ಮಾತಾಡ್ರಿ."

"ಯಾರ್ ಕೇಳ್ತಾರ? ಹಿಂದ ಹೊಳಿ ಐತಿ."

ದುರ್ಗಾ ಕನ್ನಡಿ ಮುಂದಿನಿಂದ ಎದ್ದು ಬಂದಳು. "ಅಪ್ಪಾ, ಆಯಮ್ಮ ನೂರು ಕೊರತಿ ಹೇಳ್ಲಿ, ಕೇಳ್ತೀನಿ. ಓಣಿ ನಾರ್ತತಿ ಅನ್ಲಿ, ಹುಡುಗಿ ಕರಗ ಅದಾಳ ಅನ್ಲಿ. ಮಷೀನ್ ತಗೊಂಡು ಬಾ ಅಂತಾರೋ ಇಲ್ಲೋ, ಅದೊಂದು ಮೊದ್ಲ ಕೇಳು. ಅವ್ವಗ ಅಂಜಿಕಿ. ನೀ ಕೇಳು."

ಬೆಳಕಿಂಡಿಯಿಂದ ಒಂದು ಗಂಡಸಿನ ದನಿ ಬಂತು. "ತಗೊಂಡು ಬರ್ರಿ. ಪಡಸಾಲ್ಯಾಗ ಕಿಡಿಕಿ ಹತ್ರ ಜಾಗ ಐತಿ."

ನನ್ನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆ ಬಾಣಲೆಯೊಳಗೆ ಬಿತ್ತು. ನನ್ನವರು ಸೂರು ನೋಡಿದರು.

ಆಗ ಹೆಂಗಸಿನ ದನಿ. "ಬಾಯಿ ಮುಚ್ಚಲೇ ಮಾರೇಶ! ಹುಡುಗಿ ಮಕ ನೋಡಿಲ್ಲ, ಕಾಲಿಗೆ ನೀರಿಲ್ಲ, ಆಗ್ಲೇ ಕಿಡಿಕಿ ಹತ್ರ ಜಾಗ ಕೊಟ್ಟುಬಿಟ್ಟಿ. ಏನ್ರೀ ಮನಿಯಾಗಿನೋರು, ಕೊರತಿ ತಂದಿಟ್ಟು ಹುಡುಕೋಳು ನಾನ. ಒಳಗ ಬರ್ಲೋ ಹೋಗ್ಲೋ?" ಎಂದವಳು ಉತ್ತರಕ್ಕೆ ಕಾಯದೆ ಮುಂದೆ ಹೆಜ್ಜೆ ಇಟ್ಟಿರಬೇಕು. ಗೋಡೆಗೆ ಧಡ್ ಎಂದಿತು. ಆಮೇಲೆ, "ಅಯ್ಯಯ್ಯಪ್ಪ, ನನ್ನ ಹಣಿ!"

ನನ್ನವರು ಚೊಂಬು ಹಿಡಿದುಕೊಂಡೇ ಓಡಿದರು. ಹಿಂದಕ್ಕೆ ಹೋಗಲು ಇಡೀ ಮನೆಗಳ ಸಾಲನ್ನು ಸುತ್ತಬೇಕು. ಅವರು ಸೇತುವೆ ಕಡೆಯಿಂದ ಸುತ್ತಿದರು. ಇತ್ತ ದುರ್ಗಾ ಜೋಳ ತುಂಬಿಡುವ ವಾಡೆಯ ಮೇಲೆ ಹತ್ತಿ ಬೆಳಕಿಂಡಿಗೆ ಬಾಯಿ ಹಚ್ಚಿ, "ಅಮ್ಮಾರ, ಅದು ಬಣ್ಣದ ಬಾಗ್ಲರಿ! ಗಿರಣಿ ಕಡಿಯಿಂದ ಸುತ್ತಿ ಬರ್ರಿ, ಲಗೂ ಬರ್ರಿ, ರಾಹುಕಾಲ ಹತ್ತತತಿ" ಎಂದು ಕೂಗಿದಳು. ಅತ್ತ ಅವರು ಮೂವರೂ ಓಣಿಯ ಇನ್ನೊಂದು ತುದಿಯ ಗಿರಣಿ ಕಡೆಯಿಂದ ಸುತ್ತಿದರು. ಹೀಗಾಗಿ ನನ್ನವರಿಗೂ ಬಂದವರಿಗೂ ಭೇಟಿಯೇ ಆಗಲಿಲ್ಲ.

ಉಚ್ಚಂಗೆಮ್ಮ ಹಲಗೆಯ ಮೇಲೆ ಬಂದದ್ದನ್ನು ಓಣಿಯವರೆಲ್ಲ ನಿಂತು ನೋಡಿದರು. ಹಣೆಯ ಮೇಲೆ ಕುಂಕುಮದ ಪಕ್ಕದಲ್ಲಿ ಒಂದು ಗುಬುಟು. ಮುಂದಿನ ಗೋಡೆಯ ಕುಳ್ಳು ನೋಡಿ ನಿಂತಳು.

"ಇದು ಹಿತ್ತಲಾ?"

"ಇಲ್ರಿ, ಇದ ಮುಂದಿನ ಬಾಗ್ಲ" ಎಂದೆ.

"ಹಿಂದ ನೋಡಿದ್ರ ಅರಮನಿ, ಮುಂದ ನೋಡಿದ್ರ ಕೊಟಗಿ. ಎಂಥಾ ಊರವ್ವಾ ಇದು!"

ಒಳಗೆ ಬಂದು ಚಾಪೆಯ ಮೇಲೆ ಕೂತಳು. ಮಾರೇಶ್ ಎಲ್ಲಿ ಕೂರಬೇಕೆಂದು ತಿಳಿಯದೆ ಹೊಲಿಗೆ ಮಷೀನಿನ ಪಕ್ಕ ನಿಂತ. ಬೆನಕಪ್ಪ ನನ್ನ ಮುಖ ನೋಡಲೇ ಇಲ್ಲ. ನಾನು ಬೆಲ್ಲ, ನೀರು ಇಟ್ಟೆ. ಅಂದ ಮಾತು ಅಂದಾಗಿತ್ತು, ಕೇಳಿದವರು ಕೇಳಿಸಿಕೊಂಡಾಗಿತ್ತು. ಇನ್ನು ಈ ಸಂಬಂಧವೂ ಹೋಯಿತು, ಅರಿಸಿನ ಹಚ್ಚಿಯಾದರೂ ಆ ಹಣೆಯ ಗುಬುಟು ಇಳಿಸಿ ಕಳಿಸೋಣ ಎಂದುಕೊಂಡೆ.

ದುರ್ಗಾ ಮಂಡಕ್ಕಿ ತಟ್ಟೆ ತಂದು ಇಟ್ಟಳು. ಉಚ್ಚಂಗೆಮ್ಮ ತಲೆ ಎತ್ತಿ ನೋಡಿದಳು.

"ನಾ ಹೋದ ಮನಿಯಾಗೆಲ್ಲಾ ಕೊರತಿ ಹುಡುಕ್ತೀನಂತ, ಹೌದೇನವಾ?"

"ನಮ್ಮಪ್ಪ ಹಂಗಂದ್ರಿ. ನಮ್ಮನಿಯಾಗ ನಿಮಗ ಹುಡುಕೋ ತ್ರಾಸಿಲ್ಲ, ಎಲ್ಲಾ ಎದುರಿಗೇ ಅದಾವು. ತಿನ್ಕೋತ ನೋಡ್ರಿ."

ನಾನು ಕಣ್ಣು ಮುಚ್ಚಿದೆ. ತೆರೆದಾಗ ಉಚ್ಚಂಗೆಮ್ಮ ಬಜ್ಜಿ ಕಚ್ಚಿದ್ದಳು. ಖಾರಕ್ಕೋ ಏನೋ ಕಣ್ಣಲ್ಲಿ ನೀರಿತ್ತು, ಹೊಟ್ಟೆ ಮಾತ್ರ ನಗೆಗೆ ಕುಣಿಯುತ್ತಿತ್ತು.

"ಮಂದಿ ಜಂಪರ್ ಹೊಲಿತೀಯೇನು?"

"ಹೊಲಿತೀನ್ರಿ. ಇಲ್ಲೂ ಹೊಲಿತೀನಿ, ನಿಮ್ಮೂರಾಗೂ ಹೊಲಿತೀನಿ."

"ನಮ್ಮೂರಾಗ ಒಬ್ಬ ಟೇಲರ್ ಅದಾನ." ಅವಳು ಬಲಗೈ ಎತ್ತಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. "ನೋಡಿಲ್ಲಿ, ಇದಕ್ಕಿಂತ ಮ್ಯಾಲ ಹೋಗಂಗಿಲ್ಲ. ಅವ ಹೊಲಿದದ್ದು ಹಾಕ್ಕೊಂಡ್ರ ಯಾರಿಗೂ ಒಂದು ಏಟು ಹೊಡಿಯಾಕಾಗಂಗಿಲ್ಲ. ಅದಕ್ಕ ನನ್ನ ಬಾಯಿ ಇಷ್ಟು ಜೋರಾಗಿದ್ದು."

ಮಾರೇಶ್ ಕಿಸಕ್ಕನೆ ನಕ್ಕ. ದುರ್ಗಾ ನಗಲಿಲ್ಲ. ಅವಳ ಪಕ್ಕ ಕೂತು ತೋಳಿನ ಹೊಲಿಗೆಯನ್ನು ಬೆರಳಿಂದ ಸವರಿ, "ಒಳಗ ಬಟ್ಟಿ ಬಿಟ್ಟಾನ್ರಿ, ಬಿಚ್ಚಿ ಹೊಲಿದ್ರ ಸಡ್ಲಾಕ್ಕತಿ" ಎಂದಳು. ಉಚ್ಚಂಗೆಮ್ಮ ಅವಳ ಬಗ್ಗಿದ ತಲೆಯನ್ನೇ ನೋಡುತ್ತ ಕೂತಳು. ಬೆನಕಪ್ಪ ಗೋಡೆಯ ಗಡಿಯಾರ ನೋಡಿದ.

ಅಷ್ಟರಲ್ಲಿ ಬೆಳಕಿಂಡಿಯಿಂದ ನನ್ನವರ ದನಿ. ಏದುಸಿರು ಬಿಡುತ್ತಿದ್ದರು. "ದುರ್ಗಾ! ಏ ದುರ್ಗಾ! ನಿಮ್ಮವ್ವಗ ಹೇಳು, ಇಲ್ಲಿ ಯಾರೂ ಇಲ್ಲ. ಸಿಟ್ಟು ಮಾಡ್ಕೊಂಡು ಹೊಂಟು ಹ್ವಾದ್ರು ಕಾಣ್ತತಿ. ಎಲ್ಲಾ ನನ್ನ ಬಾಯಿಂದ ಆತು. ನಾನೀಗ ಏನ್ ಮಾಡ್ಲಿ?"

ನಾನು ಉತ್ತರ ಕೊಡಲು ಎದ್ದೆ. ಉಚ್ಚಂಗೆಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. ಬೆಳಕಿಂಡಿಯ ಕಡೆ ಮುಖ ಮಾಡಿ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಬಾಗ್ಲ ತೆರದೈತಲ್ರೀ ಬೀಗರ, ಒಳಗ ಬರ್ರಿ!"