ರಾಣಿ ಪಾರ್ಟಿನ ದತ್ತಾತ್ರೇಯರು

ಆ ಸಂಜೆ ದತ್ತಾತ್ರೇಯರಿಗೆ ಕಂಡದ್ದೆಲ್ಲ ಹೇಸಿಗೆ. ಕೊಂಡಾಪುರದ ಸಾಫ್ಟ್‌ವೇರ್ ಹುಡುಗರು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕನ್ನಡ ಸಂಘದ ಕಾರ್ಯಕ್ರಮ ಇಟ್ಟುಕೊಂಡು, ಹಳೆಯ ಕಲಾವಿದರೆಂದು ಅವರಿಗೆ ಸನ್ಮಾನ ಮಾಡಿದ್ದರು. ಹೊದಿಸಿದ ಶಾಲು ಮಾತ್ರ ಮನಸ್ಸಿಗೆ ಬಂದಿತ್ತು. ಉಳಿದದ್ದು ಬರೀ ಕಿರುಚಾಟ, ಕಣ್ಣಿಗೆ ಚುಚ್ಚುವ ದೀಪ. ಅಡ್ಡಾದಿಡ್ಡಿ ಕೈಕಾಲು ಬೀಸುವುದನ್ನು ಈ ಜನ ಡಾನ್ಸ್ ಅನ್ನುತ್ತಾರಲ್ಲ ಎಂದು ಅವರು ಮೂಗು ಮುರಿದರು.

ಕೊನೆಗೆ ಲಹರಿ ಎಂಬ ಹುಡುಗಿ ಬಂದು ಸಿ.ಡಿ. ಹಾಡಿಗೆ ತುಟಿ ಆಡಿಸಿದಳು. ಚಪ್ಪಾಳೆಯೋ ಚಪ್ಪಾಳೆ. ದತ್ತಾತ್ರೇಯರಿಗೆ ಮೈಯೆಲ್ಲ ಉರಿಯಿತು. ಮೈಕು ಕೈಗೆ ಬಂದದ್ದೇ ತಡ, ಅವಳ ಮೇಲೆ ಹರಿಹಾಯ್ದರು.

"ಏನವಾ, ಹಾಡು ಯಾರದೋ, ತುಟಿ ನಿಂದು! ನಾಚಿಕಿ ಬರಂಗಿಲ್ಲೇನು? ಸನತ್‌ನಗರದಾಗ ನಮ್ಮ ಕಾರ್ಖಾನಿ ನಾಟಕದೊಳಗ ನಾ ರಾಣಿ ಪಾರ್ಟ್ ಮಾಡ್ತಿದ್ನಿ. ಗಂಡಸಿನ ಗಂಟಲಾಗ ಇಂಥಾ ದನಿ ಹ್ಯಾಂಗ ಬಂತು ಅಂತ ಮಂದಿ ಬೆರಗಾಗ್ತಿದ್ರು. ಈಗಿನವ್ರಿಗೆ ಕಲಾನೂ ಇಲ್ಲ, ಮಾನಾನೂ ಇಲ್ಲ."

ಹುಡುಗಿಯ ಕಣ್ಣು ತುಂಬಿತು. ಮೊದಲ ಸಾಲಿನಲ್ಲಿದ್ದ ದತ್ತಾತ್ರೇಯರ ಹೆಂಡತಿ ಸುಂದರಾಬಾಯಿ ಎದ್ದುಹೋಗಿ, ಅವಳನ್ನು ಕರೆತಂದು ಪಕ್ಕದಲ್ಲಿ ಕೂಡಿಸಿಕೊಂಡರು.

ಸಂಘದ ರವಿಕಿರಣ ಕೈಮುಗಿದ. "ಹಂಗಾರ ಆ ರಾಣಿ ಹಾಡು ಒಂದ್ಸಲ ಹಾಡ್ರಿ ಕಾಕಾ. ಹುಡುಗ್ರು ಕೇಳಿ ಕಲೀಲಿ."

ದತ್ತಾತ್ರೇಯರು ಮೈಕನ್ನು ಬಾಯಿಂದ ದೂರ ಸರಿಸಿದರು. ರಾಣಿಯ ಸೀರೆ ಅವರದು, ವಯ್ಯಾರ ಅವರದು, ನಿಜ. ದನಿ ಮಾತ್ರ ಅವರದಾಗಿರಲಿಲ್ಲ. ಮರ್ಯಾದಸ್ಥರ ಮನೆಯ ಹೆಣ್ಣು ರಂಗ ಹತ್ತಬಾರದೆಂದು ಅವರೇ ಕಟ್ಟಪ್ಪಣೆ ಮಾಡಿ, ಹೆಂಡತಿಯನ್ನು ಪರದೆಯ ಹಿಂದೆ ಕೂಡಿಸಿ ಹಾಡಿಸುತ್ತಿದ್ದರು. ಮುಂದೆ ನಿಂತು ತಾವು ತುಟಿ ಆಡಿಸುತ್ತಿದ್ದರು. ಬಂದ ಪದಕಗಳೆಲ್ಲ ಅವರ ಹೆಸರಿನಲ್ಲೇ ಗೋಡೆಯೇರಿದವು. ಇಷ್ಟು ವರ್ಷ ಸುಂದರಾಬಾಯಿ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

"ಗಂಟಲಾ ಹಿಡದೈತಿ," ಎಂದು ದತ್ತಾತ್ರೇಯರು ಕೆಮ್ಮಿದರು. ಯಾರೂ ಬಿಡಲಿಲ್ಲ. "ಹಾಡ್ರಿ ಕಾಕಾ!" ಎಂದು ಹಾಲ್‌ಗೆ ಹಾಲೇ ಕೂಗಿತು. ಅವರು ಹೆಂಡತಿಯತ್ತ ನೋಡಿದರು. ಆಗೆಲ್ಲ ಹೀಗೆ ಒಮ್ಮೆ ನೋಡಿದರೆ ಸಾಕು, ಪರದೆಯ ಹಿಂದೆ ಹಾಡು ಶುರುವಾಗುತ್ತಿತ್ತು.

ಸುಂದರಾಬಾಯಿ ಲಹರಿಯ ಕಣ್ಣೊರೆಸಿ, ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ಹಾಡ್ರಿ," ಎಂದರು. "ನಿಮ್ಮ ದನಿ ಹ್ಯಾಂಗೈತಿ ಅಂತ ನಾನೂ ಒಮ್ಮೆ ಕೇಳ್ತೀನಿ."